ಇದರಲ್ಲಿ ಕಾಲ್ ಬರುತ್ತಾ?

ಕನ್ನಡದ ಒತ್ತಕ್ಷರ ಸಾಲಿನಿಂದ ಕೆಳಗಿಳಿದು ಕೂರುತ್ತದೆ. ಪುಸ್ತಕ ಅಚ್ಚು ಹಾಕುವವರು ಅದಕ್ಕೆಂದೇ ಸಾಲುಗಳ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಅಂಗೈಯಗಲದ ಫೋನಿನಲ್ಲಿ ಆ ಧಾರಾಳ ಇರುವುದಿಲ್ಲ. ‘ರಾಷ್ಟ್ರೀಕೃತ’ ಎಂಬ ಪದದಲ್ಲಿ ಷಕಾರದ ಬುಡಕ್ಕೆ ಟಕಾರದ ಒತ್ತು, ಅದರ ಬುಡಕ್ಕೆ ರಕಾರದ ಒತ್ತು. ಎಪ್ಪತ್ತು ದಾಟಿದ ಕಣ್ಣಿಗೆ ಅಲ್ಲಿ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಕನ್ನಡಕ ಏರಿಸಿ ನೋಡುತ್ತಾರೆ, ಇಳಿಸಿ ನೋಡುತ್ತಾರೆ, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕೊನೆಗೆ ಮೊಮ್ಮಗಳನ್ನು ಕರೆಯುತ್ತಾರೆ: “ಪುಟ್ಟೀ, ಬ್ಯಾಂಕಿನೋರು ಏನೋ ಕಳ್ಸಿದಾರೆ, ಸ್ವಲ್ಪ ಓದು ಬಾ.”

ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡರಾಯಿತಲ್ಲ ಎನ್ನಬಹುದು. ಮಾಡಿಕೊಂಡವರಿಗೆ ಗೊತ್ತು ಅದರ ಪಾಡು. ಒಂದು ಸಾಲಿಗೆ ಎರಡು ಪದ, ಒಂದು ಪರದೆಗೆ ಒಂದು ವಾಕ್ಯ. ಬ್ಯಾಂಕಿನ ಒಂದು ಸಂದೇಶ ಓದಿ ಮುಗಿಸಲು ನಾಲ್ಕು ಸಲ ಬೆರಳಿಂದ ಮೇಲೆ ತಳ್ಳಬೇಕು, ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಏನಿತ್ತು ಎನ್ನುವುದು ಮರೆತಿರುತ್ತದೆ. ಕರೆ ಬಂದಾಗಲೂ ಅಷ್ಟೆ. “ಅಮ್ಮಾ, ಎಷ್ಟೊತ್ತಿಂದ ಮಾಡ್ತಿದೀನಿ, ಯಾಕೆ ಎತ್ತಲಿಲ್ಲ?” ಎಂದು ಮಗ ಕೇಳಿದರೆ, “ಹಸಿರು ಯಾವುದು ಕೆಂಪು ಯಾವುದು ಅಂತ ನೋಡೋದ್ರೊಳಗೆ ನಿಂತೇ ಹೋಯ್ತು ಕಣೋ” ಎಂಬ ಉತ್ತರ. ಅದೇ ಅಮ್ಮನ ಮುಂದೆ ಎಂಟೂ ಮುಕ್ಕಾಲು ಇಂಚಿನ ಟ್ಯಾಬ್ಲೆಟ್ ಇಟ್ಟು, ಅದರೊಳಗೆ ಅವರದೇ ಸಿಮ್ ಹಾಕಿ ಕೊಟ್ಟರೆ ಈ ಸಂಕಟಗಳಲ್ಲಿ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಹೆಸರು ದೊಡ್ಡದಾಗಿ ಕಾಣುತ್ತದೆ, ಫೋಟೊ ದೊಡ್ಡದಾಗಿ ಕಾಣುತ್ತದೆ, ಹಸಿರು ಗುಂಡಿ ಹೆಬ್ಬೆರಳಿಗೆ ತಪ್ಪಿಸಿಕೊಳ್ಳದಷ್ಟು ಅಗಲ ಇರುತ್ತದೆ, ಒತ್ತಕ್ಷರ ಒತ್ತಕ್ಷರವಾಗಿಯೇ ಕಾಣುತ್ತದೆ.

ಆದರೆ ಆ ಟ್ಯಾಬ್ಲೆಟ್‌ಗೆ ಕರೆ ಬರಬೇಕು. ತೊಡಕು ಇರುವುದು ಇಲ್ಲೇ.

ನಮ್ಮ ಊರುಗಳ ಮೊಬೈಲ್ ಅಂಗಡಿಗಳಲ್ಲಿ ಈ ಜಾತಿಯ ಯಂತ್ರಕ್ಕೆ ‘ಕಾಲಿಂಗ್ ಟ್ಯಾಬ್’ ಎನ್ನುತ್ತಾರೆ. ಉಳಿದವು ‘ವೈಫೈ ಟ್ಯಾಬ್’. ಈ ಎರಡರ ನಡುವೆ ಮೂರನೆಯದೊಂದಿದೆ, ಅದಕ್ಕೆ ಅಂಗಡಿಯವರ ಬಾಯಲ್ಲಿ ಸರಿಯಾದ ಹೆಸರಿಲ್ಲ: ಸಿಮ್ ಹಾಕಬಹುದು, ಇಂಟರ್‌ನೆಟ್ ಬರುತ್ತದೆ, ಆದರೆ ಕರೆ ಬರುವುದಿಲ್ಲ, ಮಾಡಲೂ ಆಗುವುದಿಲ್ಲ. ಸಿಮ್ ಹಾಕುವ ಜಾಗ ಕಂಡ ಮೇಲೆ ಕರೆಯೂ ಇದ್ದೇ ಇರುತ್ತದೆ ಎಂದು ನಂಬಿ ಹಣ ಕೊಟ್ಟು ಬಂದವರಿಗೆ ಮನೆಗೆ ಬಂದಮೇಲೆ ನಿಜ ತಿಳಿಯುತ್ತದೆ. ಆದ್ದರಿಂದ “ಇದರಲ್ಲಿ ಕಾಲ್ ಬರುತ್ತಾ?” ಎಂದು ಹಿರಿಯರು ಕೌಂಟರಿನಲ್ಲಿ ಕೇಳುವ ಪ್ರಶ್ನೆ ತೀರಾ ಸರಿಯಾದ ಪ್ರಶ್ನೆ. ಪೆಟ್ಟಿಗೆಯ ಮೇಲೆ ಎಲ್‌ಟಿಇ, 5ಜಿ ಎಂದೆಲ್ಲ ಬರೆದಿದ್ದರೂ ಆ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಸಿಮ್ ಇದ್ದೂ ಕರೆ ಇಲ್ಲದ ಸ್ಥಿತಿ ಬಂದದ್ದು ಹೇಗೆ ಎಂದು ನೋಡಲು 2010ಕ್ಕೆ ಹೋಗಬೇಕು. ಆ ವರ್ಷದ ಜನವರಿ 27ರಂದು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಪ್ಯಾಡ್ ತೋರಿಸಿದರು. ಅದರ 3ಜಿ ಮಾದರಿಯಲ್ಲಿ ಮೈಕ್ರೊ ಸಿಮ್ ಹಾಕುವ ಜಾಗವಿತ್ತು, ಆದರೆ ಸಂಖ್ಯೆ ಒತ್ತಿ ಕರೆ ಮಾಡುವ ಆ್ಯಪ್ ಇರಲಿಲ್ಲ. ಆ್ಯಪಲ್ ಅಂದಿನಿಂದ ಇಂದಿನವರೆಗೆ ಆ ನಿಲುವು ಬದಲಿಸಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಐಎಫ್‌ಎ ಮೇಳದಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಗ್ಯಾಲಕ್ಸಿ ಟ್ಯಾಬ್ ಇಟ್ಟಿತು. ಏಳು ಇಂಚು, 380 ಗ್ರಾಂ. ಅದು ಫೋನೂ ಹೌದು. ಯುರೋಪಿನಲ್ಲಿ, ಭಾರತದಲ್ಲಿ ಕೊಂಡವರು ಅದರಲ್ಲಿ ಕರೆ ಮಾಡಿದರು. ಅಮೆರಿಕದಲ್ಲಿ ಮೊಬೈಲ್ ಸೇವಾ ಕಂಪನಿಗಳ ಮೂಲಕ ಮಾರಾಟವಾದ ಗ್ಯಾಲಕ್ಸಿ ಟ್ಯಾಬ್‌ನಲ್ಲಿ ಮಾತ್ರ ಕರೆಯ ಸೌಲಭ್ಯ ತೆಗೆದುಹಾಕಿದ್ದರು. ಹೆಸರೊಂದೇ, ಆಕಾರವೊಂದೇ, ಪರದೆಯೂ ಒಂದೇ. ಒಂದು ದೇಶದಲ್ಲಿ ಮಾತಾಡುತ್ತದೆ, ಇನ್ನೊಂದರಲ್ಲಿ ಮೂಕ. ದೊಡ್ಡ ಪರದೆಯ ಯಂತ್ರಕ್ಕೆ ಮಾತು ಬರುವುದಿಲ್ಲ ಎನ್ನುವುದು ತಂತ್ರಜ್ಞಾನದ ಮಿತಿಯಲ್ಲ, ಮಾರುವವರ ತೀರ್ಮಾನ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಜಾಬ್ಸ್ ಏಳು ಇಂಚಿನ ಟ್ಯಾಬ್ಲೆಟ್‌ಗಳು ಹುಟ್ಟುವಾಗಲೇ ಸತ್ತಂತೆ ಎಂಬ ಅರ್ಥದ ಮಾತಾಡಿದರು. ಎರಡು ವರ್ಷ ಕಳೆದು, ಅವರು ತೀರಿಕೊಂಡ ಮೇಲೆ, ಅವರ ಕಂಪನಿಯೇ 7.9 ಇಂಚಿನ ಐಪ್ಯಾಡ್ ಮಿನಿ ತಂದಿತು. ಅದಕ್ಕೂ ಕರೆ ಬರಲಿಲ್ಲ ಅನ್ನಿ.

ಭಾರತದ ಕಥೆ ಬೇರೆ. ಇಲ್ಲಿ ಒಂದು ಯಂತ್ರಕ್ಕೆ ದುಡ್ಡು ಹಾಕುವವರು ಅದರಿಂದ ಎಲ್ಲ ಕೆಲಸವೂ ಆಗಬೇಕೆಂದು ಬಯಸುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಅಂದಿನ ಕೇಂದ್ರ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿದರಲ್ಲ, ಅದನ್ನು ತಯಾರಿಸಿದ ಡೇಟಾವಿಂಡ್ ಕಂಪನಿ ಅದರದೇ ಮಾರುಕಟ್ಟೆ ರೂಪವನ್ನು ‘ಯುಬಿಸ್ಲೇಟ್’ ಎಂಬ ಹೆಸರಿನಲ್ಲಿ 2,999 ರೂಪಾಯಿಗೆ ಮಾರಿತು. ಅದರಲ್ಲಿ ಸಿಮ್ ಹಾಕಿ ಕರೆ ಮಾಡಬಹುದಿತ್ತು. 2013ರಲ್ಲಿ ಏಸಸ್ ಕಂಪನಿ ತಂದ ಏಳು ಇಂಚಿನ ಟ್ಯಾಬ್ಲೆಟ್‌ಗೆ ‘ಫೋನ್‌ಪ್ಯಾಡ್’ ಎಂದೇ ಹೆಸರು. 340 ಗ್ರಾಂ ತೂಕದ ಅದರ ನೆತ್ತಿಯಲ್ಲಿ ಕಿವಿಗಿಟ್ಟು ಕೇಳುವ ಪುಟ್ಟ ಸ್ಪೀಕರ್ ಇತ್ತು. ಇಲ್ಲಿ ಅದರ ಬೆಲೆ 15,999 ರೂಪಾಯಿ. 2014ರ ಆರಂಭದಲ್ಲಿ ಎಚ್‌ಪಿ ಭಾರತದ ಮಾರುಕಟ್ಟೆಗೆಂದೇ ‘ವಾಯ್ಸ್‌ಟ್ಯಾಬ್’ ಎಂಬ ಟ್ಯಾಬ್ಲೆಟ್ ಜೋಡಿಯನ್ನು ಹೊರತಂದಿತು. 2016ರಲ್ಲಿ ಸ್ಯಾಮ್‌ಸಂಗ್ 13,400 ರೂಪಾಯಿಗೆ ಏಳು ಇಂಚಿನ ಗ್ಯಾಲಕ್ಸಿ ಜೆ ಮ್ಯಾಕ್ಸ್ ಕೊಟ್ಟಿತು, ಪೆಟ್ಟಿಗೆಯೊಳಗೆ ಒಂದು ಬ್ಲೂಟೂತ್ ಹೆಡ್‌ಸೆಟ್ಟನ್ನೂ ಇಟ್ಟಿತು. ಲೆನೊವೊ, ಮೈಕ್ರೊಮ್ಯಾಕ್ಸ್, ಐಬಾಲ್ ಹೀಗೆ ಆ ಕಾಲದ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಾಲಿಂಗ್ ಟ್ಯಾಬ್‌ಗಳು ಸಾಲುಸಾಲಾಗಿ ಇದ್ದವು. ಇಲ್ಲಿನ ಕೊಳ್ಳುವವರು ಕೇಳಿದ್ದರಿಂದಲೇ ಅವು ಬಂದವು. ಬೇರೆಡೆ ಮೂಕವಾಗಿದ್ದ ಯಂತ್ರಕ್ಕೆ ಇಲ್ಲಿ ಬಾಯಿ ಬಂತು.

ಒಂದು ಕೊರತೆ ಇತ್ತು, ಕನ್ನಡಿಗರಿಗೆ ದೊಡ್ಡದೇ. 2010ರ ಗ್ಯಾಲಕ್ಸಿ ಟ್ಯಾಬ್‌ನಲ್ಲಿದ್ದ ಆ್ಯಂಡ್ರಾಯ್ಡ್‌ಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡದಲ್ಲಿ ಬಂದ ಸಂದೇಶದ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಲ್ಲುತ್ತಿದ್ದವು. ಕನ್ನಡ, ತೆಲುಗು, ಮಲಯಾಳ ಈ ಮೂರಕ್ಕೂ ತಕ್ಕ ಫಾಂಟ್ ಆ್ಯಂಡ್ರಾಯ್ಡ್‌ನಲ್ಲೇ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಪರದೆ ದೊಡ್ಡದಿದ್ದರೆ ಸಾಲದು, ಅದರಲ್ಲಿ ನಮ್ಮ ಲಿಪಿ ಮೂಡಬೇಕು. ಎರಡೂ ಸೇರಿದ ಮೇಲೆಯೇ ಕಾಲಿಂಗ್ ಟ್ಯಾಬ್ ಕನ್ನಡದ ಹಿರಿಯರ ಕೈಗೆ ಸಲ್ಲುವ ಫೋನ್ ಆದದ್ದು.

ಈಗ ಒಳಗಿನ ವಿಷಯಕ್ಕೆ ಬರೋಣ. ಫೋನ್ ನಂಬರ್ ಇರುವುದು ಯಂತ್ರಕ್ಕಲ್ಲ, ಸಿಮ್‌ಗೆ. ಮೊಬೈಲ್ ಗೋಪುರದ ದೃಷ್ಟಿಯಲ್ಲಿ ಟ್ಯಾಬ್ಲೆಟ್‌ಗೂ ಫೋನಿಗೂ ಭೇದವಿಲ್ಲ. ಎರಡಕ್ಕೂ ಐಎಂಇಐ ಎಂಬ 15 ಅಂಕಿಯ ಗುರುತಿನ ಸಂಖ್ಯೆ ಇದೆ, ಎರಡೂ ಒಂದೇ ರೀತಿ ‘ನಾನು ಇಲ್ಲಿದ್ದೇನೆ’ ಎಂದು ಗೋಪುರಕ್ಕೆ ತಿಳಿಸುತ್ತವೆ. ಕರೆ ಬಂದಾಗ ಜಾಲ ಆ ಸಿಮ್ ಎಲ್ಲಿದೆ ಎಂದು ಹುಡುಕಿ ಕೂಗುತ್ತದೆ. ಆ ಕೂಗಿಗೆ ಓಗೊಡುವ ತಂತ್ರಾಂಶ ಯಂತ್ರದಲ್ಲಿ ಇರಬೇಕು, ಅಷ್ಟೆ. 2ಜಿ, 3ಜಿ ಕಾಲದಲ್ಲಿ ಮಾತಿಗೇ ಪ್ರತ್ಯೇಕ ದಾರಿ ಇತ್ತು. 4ಜಿ ಬಂದಾಗ ಆ ದಾರಿ ಇಲ್ಲವಾಯಿತು. 4ಜಿ ಹುಟ್ಟಿನಿಂದಲೇ ಡೇಟಾ ಜಾಲ, ಅದರಲ್ಲಿ ಮಾತೂ ಡೇಟಾದ ಪೊಟ್ಟಣಗಳಾಗಿಯೇ ಹೋಗಬೇಕು. ಆ ಏರ್ಪಾಡಿನ ಹೆಸರು ವೋಲ್ಟಿ.

2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾದಾಗ ಈ ಒಳಗಿನ ಸಂಗತಿ ಬೀದಿಗೆ ಬಂತು. ಜಿಯೊಗೆ 2ಜಿ ಇರಲಿಲ್ಲ, 3ಜಿ ಇರಲಿಲ್ಲ. ಮಾತಿಗೆ ವೋಲ್ಟಿ ಒಂದೇ ದಾರಿ. ಅಲ್ಲಿಯವರೆಗೆ ಕರೆ ಮಾಡುತ್ತಿದ್ದ ಎಷ್ಟೋ 4ಜಿ ಟ್ಯಾಬ್ಲೆಟ್‌ಗಳು ಜಿಯೊ ಸಿಮ್ ಹಾಕಿದೊಡನೆ ಇಂಟರ್‌ನೆಟ್ ಕೊಟ್ಟು ಮಾತು ನಿಲ್ಲಿಸಿದವು, ಯಾಕೆಂದರೆ ಅವು ಕರೆ ಬಂದಾಗ 3ಜಿಗೋ 2ಜಿಗೋ ಇಳಿದು ಮಾತಾಡುತ್ತಿದ್ದವು. ಆಗ ಜಿಯೊ ಒಂದು ಆ್ಯಪ್ ಕೊಟ್ಟು, ಅದರ ಮೂಲಕ ಕರೆ ಮಾಡುವ ಉಪಾಯ ಒದಗಿಸಬೇಕಾಯಿತು. ಇವತ್ತಿಗೂ ಹಳೆಯ ಟ್ಯಾಬ್ಲೆಟ್ಟನ್ನು ಅಪ್ಪನಿಗೆ ಫೋನಾಗಿ ಕೊಡಬೇಕೆಂದಿರುವವರು ಇದನ್ನು ಗಮನಿಸಬೇಕು. ಅದರಲ್ಲಿ ವೋಲ್ಟಿ ಇಲ್ಲದಿದ್ದರೆ 2ಜಿ ಇನ್ನೂ ನಡೆಸುತ್ತಿರುವ ಕಂಪನಿಯ ಸಿಮ್ಮೇ ಬೇಕು.

ವೋಲ್ಟಿ ಬಂದದ್ದರಿಂದ ಇನ್ನೊಂದು ಲಾಭವಾಯಿತು, ಅದರ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಮಾತು ತಿಳಿಯಲು ಅಷ್ಟು ಸಾಕು, ಆದರೆ ಸ, ಶ, ಫ ಮುಂತಾದ ಉಸಿರಿನ ಸದ್ದುಗಳ ಜೀವ ಇರುವುದು ಅದಕ್ಕಿಂತ ಮೇಲೆ. ವೋಲ್ಟಿಯ ಎಚ್‌ಡಿ ಧ್ವನಿ 50ರಿಂದ 7,000 ಹರ್ಟ್ಸ್‌ವರೆಗೆ ಹಬ್ಬುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಸದ್ದುಗಳನ್ನೇ. ‘ಸೀರೆ’ ಎಂದರೋ ‘ಕೀರೆ’ ಎಂದರೋ ಗೊತ್ತಾಗದೆ “ಹಾಂ? ಹಾಂ?” ಎನ್ನುವ ಅಜ್ಜನಿಗೆ ಬೇಕಾದದ್ದು ಬರೀ ಜೋರು ದನಿ ಅಲ್ಲ, ಪೂರ್ತಿ ದನಿ. ಟ್ಯಾಬ್ಲೆಟ್ಟಿನ ಸ್ಪೀಕರುಗಳು ಫೋನಿನವಕ್ಕಿಂತ ದೊಡ್ಡವು, ಬಹಳಷ್ಟರಲ್ಲಿ ಎರಡು ಇರುತ್ತವೆ. ಊಟದ ಮೇಜಿನ ಮೇಲೆ ಒರಗಿಸಿಟ್ಟ ಟ್ಯಾಬ್ಲೆಟ್ಟಿನಿಂದ ಎಚ್‌ಡಿ ಕರೆ ಬಂದರೆ ಮಾತು ಎದುರಿಗೆ ಕೂತವರು ಆಡಿದಷ್ಟು ಸ್ಪಷ್ಟ. ಕೈಯಲ್ಲಿ ಹಿಡಿದುಕೊಳ್ಳುವ ಶ್ರಮವೂ ಇಲ್ಲ. ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ ಇದು ಸಣ್ಣ ಉಪಕಾರವಲ್ಲ. ಸಂಜ್ಞಾ ಭಾಷೆಯಲ್ಲಿ ಮಾತಾಡುವವರಿಗಂತೂ ಎರಡೂ ಕೈ ಬಿಡುವಾಗಿರಲೇಬೇಕು. ಅವರ ವಿಡಿಯೊ ಕರೆಗೆ ತಾನಾಗಿ ನಿಲ್ಲುವ ದೊಡ್ಡ ಪರದೆಗಿಂತ ಒಳ್ಳೆಯ ಸಾಧನ ಇಲ್ಲ.

ಕಿವಿಗೆ ಇಟ್ಟುಕೊಂಡು ಮಾತಾಡುವುದು ಮಾತ್ರ ಬೇಡ. ಶಾಲೆಯ ಸ್ಲೇಟನ್ನು ಕೆನ್ನೆಗೆ ಒತ್ತಿಕೊಂಡಂತೆ ಕಾಣುತ್ತದೆ ಎನ್ನುವುದು ಒಂದು ಮಾತು. ಈಗಿನ ಹೆಚ್ಚಿನ ಟ್ಯಾಬ್ಲೆಟ್‌ಗಳಲ್ಲಿ ಕಿವಿಗಿಡುವ ಸ್ಪೀಕರೇ ಇರುವುದಿಲ್ಲ ಎನ್ನುವುದು ಮುಖ್ಯ ಮಾತು. ಕರೆ ನೇರವಾಗಿ ಹೊರಗಿನ ಸ್ಪೀಕರಿಗೆ ಬರುತ್ತದೆ, ಮನೆಮಂದಿಗೆಲ್ಲ ಕೇಳುತ್ತದೆ. ಸೊಸೆಯ ತವರಿನವರು ಕರೆ ಮಾಡಿ “ನಿಮ್ಮ ಅತ್ತೆ ಹೇಗಿದಾರೆ?” ಎಂದು ಕೇಳುವಾಗ ಅತ್ತೆ ಪಕ್ಕದಲ್ಲೇ ಕೂತಿರುವುದು ಯಾರಿಗೂ ಹಿತವಲ್ಲ. ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ಹೇಳುವುದನ್ನು, ಬ್ಯಾಂಕಿನವರು ಸಾಲದ ಕಂತಿನ ಮಾತೆತ್ತುವುದನ್ನು ನೆರೆಯವರು ಕೇಳಬೇಕಾಗಿಲ್ಲ. ಆದ್ದರಿಂದ ಒಂದು ಇಯರ್‌ಫೋನೋ ಬ್ಲೂಟೂತ್ ಹೆಡ್‌ಸೆಟ್ಟೋ ಟ್ಯಾಬ್ಲೆಟ್ಟಿನ ಜೊತೆಗೇ ಇರಬೇಕು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಸ್ಪೀಕರ್ ಹಾಕಿ ಮಾತಾಡುವ ಹಾವಳಿ ಫೋನಿನಿಂದಲೇ ಬೇಕಾದಷ್ಟಿದೆ, ಟ್ಯಾಬ್ಲೆಟ್ ಅದಕ್ಕೆ ಸೇರುವುದು ಬೇಡ. ಇನ್ನೊಂದು ಸಂಗತಿ: ಕಡಿಮೆ ಬೆಲೆಯ ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಕಂಪನದ ಮೋಟಾರು ಇರುವುದಿಲ್ಲ. ರಿಂಗ್ ನಿಲ್ಲಿಸಿದರೆ ಕರೆ ಬಂದದ್ದೇ ತಿಳಿಯುವುದಿಲ್ಲ.

ಸಂದೇಶದ ವಿಷಯಕ್ಕೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈಗ ಬದುಕು ನಡೆಯುವುದೇ ಎಸ್ಸೆಮ್ಮೆಸ್ಸಿನ ಮೇಲೆ. ಮಾತಾಡಲು ವಾಟ್ಸ್ಆ್ಯಪ್ ಇದೆ, ಹರಟೆಗೂ ಅದೇ ಇದೆ. ಆದರೆ ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗಿನ ಸಂಖ್ಯೆ, ಆಧಾರ್ ದೃಢೀಕರಣ ಎಲ್ಲವೂ ಸಾದಾ ಎಸ್ಸೆಮ್ಮೆಸ್ಸಾಗಿ ಬರುತ್ತವೆ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ ಅಂತೂ ಮೊದಲ ಬಾರಿ ಹಾಕಿಕೊಳ್ಳುವಾಗ ನಮ್ಮ ಯಂತ್ರದಿಂದಲೇ ಒಂದು ಎಸ್ಸೆಮ್ಮೆಸ್ಸನ್ನು ಹೊರಗೆ ಕಳಿಸುತ್ತದೆ. ಈ ನಂಬರಿನ ಸಿಮ್ ಈ ಯಂತ್ರದಲ್ಲೇ ಇದೆ ಎಂದು ಬ್ಯಾಂಕಿಗೆ ಖಾತ್ರಿಯಾಗುವುದು ಆ ಸಂದೇಶದಿಂದ. ಎಸ್ಸೆಮ್ಮೆಸ್ ಕಳಿಸಲಾಗದ ಟ್ಯಾಬ್ಲೆಟ್ ಈ ಹೊಸಿಲನ್ನೇ ದಾಟುವುದಿಲ್ಲ. ಸಿಮ್ ಇರುವ ಐಪ್ಯಾಡ್ ಕೂಡ ತಾನಾಗಿ ಎಸ್ಸೆಮ್ಮೆಸ್ ಕಳಿಸದು, ಅದೇ ಖಾತೆಯ ಐಫೋನ್ ಇದ್ದು ದಾಟಿಸಿಕೊಡಬೇಕು. ಎಷ್ಟು ಬೆಲೆ ಬಾಳಿದರೂ ಒಂಟಿಯಾಗಿರುವ ತಾಯಿಯ ಏಕೈಕ ಯಂತ್ರವಾಗಲು ಅದು ತಕ್ಕದ್ದಲ್ಲ.

ಎಸ್ಸೆಮ್ಮೆಸ್ಸಿನ ಅಳತೆಯ ಕಥೆ ಕನ್ನಡಿಗರಿಗೆ ಸಂಬಂಧಪಟ್ಟದ್ದು. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು ತೋಚಿದ ವಾಕ್ಯಗಳನ್ನೆಲ್ಲ ಹೊಡೆದು ಎಣಿಸಿ, 160 ಅಕ್ಷರ ಸಾಕು ಎಂಬ ತೀರ್ಮಾನಕ್ಕೆ ಬಂದ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಕಂಪ್ಯೂಟರಿನಿಂದ ಕಳಿಸಿದ ಕ್ರಿಸ್ಮಸ್ ಶುಭಾಶಯವೇ ಲೋಕದ ಮೊದಲ ಎಸ್ಸೆಮ್ಮೆಸ್. ಒಂದು ಸಂದೇಶಕ್ಕೆ ಸಿಗುವುದು 140 ಬೈಟು. ಇಂಗ್ಲಿಷಿಗೆ ಅಕ್ಷರಕ್ಕೆ ಏಳು ಬಿಟ್ ಸಾಕು, ಆದ್ದರಿಂದ 160. ಕನ್ನಡ ಯುನಿಕೋಡಿನಲ್ಲಿ ಹೋಗುತ್ತದೆ, ಹದಿನಾರು ಬಿಟ್ ಬೇಕು, ಆದ್ದರಿಂದ 70 ಮಾತ್ರ. ಆ ಎಪ್ಪತ್ತೂ ನಾವು ಎಣಿಸುವ ಅಕ್ಷರಗಳಲ್ಲ. ‘ಲಕ್ಷ್ಮಿ’ ನಮಗೆ ಎರಡಕ್ಷರದ ಹೆಸರು. ಯಂತ್ರದ ಲೆಕ್ಕದಲ್ಲಿ ಲ, ಕ, ಹಲಂತ ಚಿಹ್ನೆ, ಷ, ಮತ್ತೊಂದು ಹಲಂತ ಚಿಹ್ನೆ, ಮ, ಗುಡಿಸು ಸೇರಿ ಏಳು. ಒಂದು ಹಬ್ಬದ ಶುಭಾಶಯ ಬರೆಯುವಷ್ಟರಲ್ಲಿ ಎರಡು ಸಂದೇಶದ ಖರ್ಚು. ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳಿಗೆ ಏಳು ಬಿಟ್‌ನ ಕೋಷ್ಟಕಗಳನ್ನು ಜಾಗತಿಕ ಮಾನಕದೊಳಗೆ ಸೇರಿಸಿಯಾಗಿದೆ, ಅವನ್ನು ಬಳಸಿದರೆ ಈ ನಷ್ಟ ಬಹಳ ಕಡಿಮೆಯಾಗುತ್ತದೆ. ಆದರೂ ನಮ್ಮ ಫೋನುಗಳು ಸಾಮಾನ್ಯವಾಗಿ ಯುನಿಕೋಡ್ ದಾರಿಯನ್ನೇ ಹಿಡಿಯುತ್ತವೆ. ಇದ್ದ ಸೌಲಭ್ಯ ಬಳಕೆಗೆ ಬಾರದೆ ಉಳಿದದ್ದು ಬೇಸರದ ಸಂಗತಿ.

ಬರೆಯುವ ವಿಷಯದಲ್ಲಿ ಮಾತ್ರ ಟ್ಯಾಬ್ಲೆಟ್ಟಿಗೆ ಸಾಟಿ ಇಲ್ಲ. ಫೋನಿನ ಕೀಲಿಮಣೆಯಲ್ಲಿ ಣ ಒತ್ತಲು ಹೋಗಿ ನ ಬೀಳುತ್ತದೆ, ಳ ಒತ್ತಲು ಹೋಗಿ ಲ ಬೀಳುತ್ತದೆ. ಕೊನೆಗೆ ಕನ್ನಡ ಬಲ್ಲವರೇ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯತೊಡಗುತ್ತಾರೆ. ಟ್ಯಾಬ್ಲೆಟ್ ಅಡ್ಡ ಹಿಡಿದರೆ ಕನ್ನಡದ ಕೀಲಿಗಳು ಬೆರಳಿನಗಲ ಆಗುತ್ತವೆ. ಬೆರಳಲ್ಲೇ ಬರೆಯುವ ಅಭ್ಯಾಸದವರಿಗೆ ಕೈಬರಹ ಗುರುತಿಸುವ ಕೀಲಿಮಣೆಯೂ ಇದೆ. ಪೋಸ್ಟ್‌ಕಾರ್ಡ್ ಕಾಲದಲ್ಲಿ ದುಂಡಗೆ ಬರೆಯುತ್ತಿದ್ದವರು ಮತ್ತೆ ಕನ್ನಡದಲ್ಲೇ ಬರೆಯುವಂತಾಗುತ್ತದೆ. ಬರೀ ಇದಕ್ಕಾಗಿಯೇ ಆದರೂ ಕಾಲಿಂಗ್ ಟ್ಯಾಬ್‌ಗಳು ಮಾರುಕಟ್ಟೆಯಲ್ಲಿ ಉಳಿಯಬೇಕು.

ಓದುವ ಅಕ್ಷರ ದೊಡ್ಡದಾದಷ್ಟೂ ಮೋಸಕ್ಕೆ ಸಿಕ್ಕುವುದೂ ಕಡಿಮೆ. 2025ರ ಮೇ ತಿಂಗಳಿಂದ ಸಂಸ್ಥೆಗಳು ಕಳಿಸುವ ಎಸ್ಸೆಮ್ಮೆಸ್‌ಗಳಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ: ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆಗೆ ಸಂಬಂಧಿಸಿದ್ದು, ‘ಟಿ’ ಇದ್ದರೆ ವಹಿವಾಟು, ‘ಜಿ’ ಇದ್ದರೆ ಸರ್ಕಾರದ್ದು. ಹಿರಿಯರನ್ನು ಬ್ಯಾಂಕಿನ ಹೆಸರಿನಲ್ಲಿ ಬಲೆಗೆ ಕೆಡವುವ ಸಂದೇಶಗಳಲ್ಲಿ ಎಷ್ಟೋ ಬರುವುದು ಸಾದಾ ಹತ್ತಂಕಿಯ ನಂಬರಿನಿಂದ. ಈ ಒಂದಕ್ಷರದ ಗುರುತು ಚಿಕ್ಕ ಪರದೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ದೊಡ್ಡದರಲ್ಲಿ ಬೀಳುತ್ತದೆ. ಅದೇ ದೊಡ್ಡ ಪರದೆಯ ಅಪಾಯವನ್ನೂ ಹೇಳಬೇಕು: ಮೇಜಿನ ಮೇಲಿಟ್ಟ ಟ್ಯಾಬ್ಲೆಟ್ಟಿಗೆ ಒಟಿಪಿ ಬಂದರೆ ಕೋಣೆಯ ಆಚೆ ತುದಿಯವರಿಗೂ ಓದಲು ಬರುತ್ತದೆ. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಳಮಾತು ಕಾಣದಂತೆ ಸೆಟ್ಟಿಂಗ್‌ನಲ್ಲಿ ಮಾಡಿಡಬೇಕು.

ಟ್ಯಾಬ್ಲೆಟ್‌ಗೆ ಬೇರೆ ಸಿಮ್ ಯಾಕೆ, ಫೋನಿಗೆ ಬಂದ ಕರೆಯನ್ನೇ ಅದರಲ್ಲಿ ಎತ್ತಬಹುದಲ್ಲ ಎಂದು ತಿಳಿದವರು ಕೇಳುತ್ತಾರೆ. ಕೇಳುವುದು ಸರಿ. ಆ್ಯಪಲ್ 2014ರಲ್ಲಿ ಐಒಎಸ್ 8ರ ಜೊತೆ ಈ ಏರ್ಪಾಡು ಕೊಟ್ಟಿತು, ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲೂ ಒಂದೇ ಖಾತೆಯ ಫೋನಿನ ಕರೆ, ಸಂದೇಶ ಎರಡೂ ಕಾಣಿಸಿಕೊಳ್ಳುವಂತೆ ಮಾಡಬಹುದು. ವಾಟ್ಸ್ಆ್ಯಪ್ ಕೂಡ 2023ರಲ್ಲಿ ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ಗೆ, 2025ರ ಮೇನಲ್ಲಿ ಐಪ್ಯಾಡ್‌ಗೆ ಬಂತು. ಎರಡೂ ಯಂತ್ರ ಇಟ್ಟುಕೊಂಡು ಓಡಾಡುವ ನಡುವಯಸ್ಸಿನವರಿಗೆ ಇದು ಅನುಕೂಲವೇ. ಆದರೆ ಆ ಫೋನು ಚಾರ್ಜ್ ಆಗಿರಬೇಕು, ಇಂಟರ್‌ನೆಟ್‌ನಲ್ಲಿ ಇರಬೇಕು, ಖಾತೆ ಲಾಗೌಟ್ ಆಗಿರಬಾರದು. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕರೆ ಬರುತ್ತದೆ ಎನ್ನುವ ಯಂತ್ರವನ್ನು ಹಳ್ಳಿಯ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಕೊಡುವುದು ತಕ್ಕ ಕೆಲಸವಲ್ಲ. ಅವರ ಟ್ಯಾಬ್ಲೆಟ್ಟಿಗೆ ಸ್ವಂತ ಸಿಮ್ ಇರಲಿ. ರಾತ್ರಿ ಎದೆನೋವು ಬಂದಾಗ ತುರ್ತು ಸಂಖ್ಯೆ 112 ಒತ್ತಬೇಕಾದರೆ ಇಂಟರ್‌ನೆಟ್ ಕರೆ ನೆರವಿಗೆ ಬರುವುದಿಲ್ಲ, ಮೊಬೈಲ್ ಜಾಲದ ಕರೆಯೇ ಬೇಕು.

ಖರ್ಚಿನ ಲೆಕ್ಕವೂ ಈಗ ಸಲೀಸಾಗಿದೆ. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್‌ಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಿತು, ಮುಂದಿನ ತಿಂಗಳೇ ಅವು ಬಂದವು. ಮನೆಯಲ್ಲಿ ಫೈಬರ್ ವೈಫೈ ಇದ್ದರೆ ಟ್ಯಾಬ್ಲೆಟ್ಟಿನ ಸಿಮ್‌ಗೆ ಡೇಟಾ ಹಾಕಿಸುವ ಅಗತ್ಯವೇ ಇಲ್ಲ. ವಿಡಿಯೊ ಕರೆ, ಯಕ್ಷಗಾನ, ಸುದ್ದಿ ಎಲ್ಲ ವೈಫೈನಲ್ಲಿ, ಕರೆ ಮತ್ತು ಒಟಿಪಿ ಸಿಮ್‌ನಲ್ಲಿ. ಮಲೆನಾಡಿನ ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಸಿಗ್ನಲ್ಲೇ ಇರುವುದಿಲ್ಲ, ಅಲ್ಲಿ ವೈಫೈ ಕಾಲಿಂಗ್ ಬೇಕು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಅದನ್ನು ಆರಂಭಿಸಿದವು. ಎಲ್ಲ ಟ್ಯಾಬ್ಲೆಟ್‌ಗಳಲ್ಲಿ ಆ ಸೌಲಭ್ಯ ಇಲ್ಲವಾದ್ದರಿಂದ ತೋಟದ ಮನೆಯವರು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇದರ ಉಪಯೋಗ ಇದೆ. ಊರಿನ ಬ್ಯಾಂಕ್ ಖಾತೆಯ ಒಟಿಪಿಗಾಗಿ ಭಾರತದ ಸಿಮ್ಮನ್ನು ರೋಮಿಂಗ್‌ನಲ್ಲಿ ಜೀವಂತ ಇಟ್ಟುಕೊಂಡಿರುವವರು ಬಹಳ. ಅದಕ್ಕಾಗಿ ಹಳೆಯ ಫೋನೊಂದನ್ನು ಡ್ರಾಯರ್‌ನಲ್ಲಿ ಇಟ್ಟಿರುತ್ತಾರೆ. ಊರಿಗೆ ಬಂದಾಗ ಕೊಂಡ ಕಾಲಿಂಗ್ ಟ್ಯಾಬ್ ಆ ಕೆಲಸಕ್ಕೆ ಆಗಬಹುದು, ಆದರೆ ಅದರ ರೇಡಿಯೊ ಅಲ್ಲಿನ ಜಾಲದ ಬ್ಯಾಂಡುಗಳಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು.

ವಿಚಿತ್ರವೆಂದರೆ, ಏಳೆಂಟು ಇಂಚಿನ ಫೋನು ಈಗ ಸಿರಿವಂತಿಕೆಯ ಗುರುತಾಗಿದೆ. 2019ರಲ್ಲಿ ಭಾರತಕ್ಕೆ ಬಂದ ಗ್ಯಾಲಕ್ಸಿ ಫೋಲ್ಡ್ ಬಿಚ್ಚಿದರೆ 7.3 ಇಂಚು, ಬೆಲೆ 1,64,999 ರೂಪಾಯಿ. 2025ರ ಫೋಲ್ಡ್ 7 ಬಿಚ್ಚಿದರೆ ಎಂಟು ಇಂಚು. ಅದರಲ್ಲಿ ಕರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. 13,400 ರೂಪಾಯಿಯ ಜೆ ಮ್ಯಾಕ್ಸ್ ಏಳು ಇಂಚಿನ ಪರದೆಯನ್ನು ಮಡಚದೆಯೇ ಕೊಟ್ಟಿತ್ತು. ಅಂಥ ಅಗ್ಗದ ಯಂತ್ರಗಳ ಸಾಲು ಮಾತ್ರ ಅಂಗಡಿಗಳಲ್ಲಿ ತೆಳ್ಳಗಾಗುತ್ತಿದೆ. ಫೋಲ್ಡ್ ಕೊಳ್ಳುವವರಲ್ಲಿ ಹೆಚ್ಚಿನವರ ಕಣ್ಣು ಚೆನ್ನಾಗಿಯೇ ಇದೆ. ದೊಡ್ಡ ಪರದೆ ನಿಜವಾಗಿ ಬೇಕಾದ ಪಿಂಚಣಿದಾರರು, ಅಂಗನವಾಡಿಯಿಂದ ನಿವೃತ್ತರಾದ ಅಕ್ಕಂದಿರು, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾದ ರೈತರು ಆ ಬೆಲೆಯ ಹತ್ತಿರಕ್ಕೂ ಹೋಗಲಾರರು. ಅವರಿಗಾಗಿ ಹದಿನೈದು ಸಾವಿರದೊಳಗೆ ವೋಲ್ಟಿ ಕರೆ, ಎಸ್ಸೆಮ್ಮೆಸ್, ವೈಫೈ ಕಾಲಿಂಗ್ ಮೂರೂ ಇರುವ ಎಂಟು ಇಂಚಿನ ಟ್ಯಾಬ್ಲೆಟ್ ಮಾಡಿಕೊಡುವುದು ಯಾವ ಕಂಪನಿಗೂ ಅಸಾಧ್ಯವಲ್ಲ.

ಸಿಕ್ಕಿದ್ದನ್ನು ಕೊಳ್ಳುವವರು ಹಣ ಕೊಡುವ ಮುಂಚೆ ತಮ್ಮ ಸಿಮ್ಮನ್ನು ಅದರಲ್ಲಿ ಹಾಕಿಸಿ ಒಂದು ಕರೆ ಮಾಡಿ, ಒಂದು ಕರೆ ಬರಿಸಿಕೊಂಡು, ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸಿ ನೋಡಲಿ. ಕರೆಯ ಕೀಲಿಪಟದಲ್ಲಿ *#06# ಒತ್ತಿದರೆ ಐಎಂಇಐ ಬರುತ್ತದೆ. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಯಂತ್ರದ ವಿವರ ಬರುತ್ತದೆ, ಕದ್ದ ಮಾಲು ಕೈಗೆ ಬರದಂತೆ ಎಚ್ಚರ ವಹಿಸಬಹುದು. ಮನೆಗೆ ತಂದ ಮೊದಲ ಸಂಜೆಯೇ ಮಕ್ಕಳು ಕೂತು ಅಕ್ಷರದ ಗಾತ್ರ ಹಿಗ್ಗಿಸಿ, ಮನೆಯವರ ಫೋಟೊಗಳನ್ನು ಮುಖಪುಟದಲ್ಲಿ ಒತ್ತಿದರೆ ಕರೆ ಹೋಗುವಂತೆ ಜೋಡಿಸಿ, 112ನ್ನೂ ಸೈಬರ್ ಮೋಸದ ದೂರಿಗೆ ಇರುವ 1930ನ್ನೂ ಅದರ ಪಕ್ಕದಲ್ಲೇ ಇಟ್ಟುಕೊಡಬೇಕು. ಐಎಂಇಐಯನ್ನು ಒಂದು ಚೀಟಿಯಲ್ಲಿ ಬರೆದು, ಅಂಗಡಿಯ ಬಿಲ್ಲಿನ ಜೊತೆ ಪಿನ್ ಮಾಡಿ ಮನೆಯ ಕಾಗದಪತ್ರಗಳ ಫೈಲಿನಲ್ಲಿ ಇಡಬೇಕು. ಟ್ಯಾಬ್ ಕಳೆದುಹೋದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದ ಮೂಲಕ ಅದನ್ನು ತಡೆಹಿಡಿಸುವಾಗ ಐಎಂಇಐ, ಪೊಲೀಸ್ ದೂರಿನ ಪ್ರತಿ, ಕೊಂಡ ಬಿಲ್ಲು ಇವನ್ನೇ ಕೇಳುತ್ತಾರೆ.